ಕಾಲು ಬಡಿಯುವ ಶವ

ಗ್ರೀಕ್ ತತ್ತ್ವಜ್ಞಾನಿ ಕ್ಲಿಯಾಂಥಿಸ್ ಕಣ್ಣಾರೆ ಕಂಡೆನೆಂದು ಹೇಳಿದ ಒಂದು ಪ್ರಸಂಗವನ್ನು ಪ್ಲುಟಾರ್ಕ್ ಬರೆದಿಟ್ಟಿದ್ದಾನೆ. ಒಂದು ಇರುವೆಗೂಡಿನ ಬಾಗಿಲಿಗೆ ಬೇರೆ ಗೂಡಿನ ಇರುವೆಗಳು ಸತ್ತ ಇರುವೆಯೊಂದನ್ನು ಹೊತ್ತು ತಂದವಂತೆ. ಒಳಗಿನವು ಮೇಲೆ ಬಂದು ನೋಡಿದವು, ಇಳಿದು ಹೋದವು, ಮತ್ತೆ ಬಂದವು. ಎರಡು ಮೂರು ಸಲ ಹೀಗೆ ಓಡಾಟವಾದ ಮೇಲೆ ಒಂದು ಹುಳುವನ್ನು ಎತ್ತಿ ತಂದು ಕೊಟ್ಟವು. ಬಂದವರು ಹುಳು ತೆಗೆದುಕೊಂಡು, ಹೆಣ ಒಪ್ಪಿಸಿ ಹೊರಟುಹೋದರು. ಪ್ರಾಣಿಗಳಿಗೆ ವಿವೇಕವಿಲ್ಲ ಎಂದು ವಾದಿಸುತ್ತಿದ್ದವನೇ ಈ ಕ್ಲಿಯಾಂಥಿಸ್. ಅವನ ಕಣ್ಣಿಗೂ ಅಲ್ಲಿ ಚೌಕಾಸಿ ಕಂಡಿತು, ಸತ್ತವರ ಮೇಲಿನ ಗೌರವ ಕಂಡಿತು. ರೋಮಿನ ಪ್ಲಿನಿಯಂತೂ ಮನುಷ್ಯನನ್ನು ಬಿಟ್ಟರೆ ತಮ್ಮವರನ್ನು ಹೂಳುವ ಜೀವಿ ಇರುವೆಯೊಂದೇ ಎಂದು ಬರೆದುಬಿಟ್ಟ. ಎರಡು ಸಾವಿರ ವರ್ಷ ಕಳೆದರೂ ಆ ಮಾತಿಗೆ ಸಾವು ಬಂದಿಲ್ಲ. ಇರುವೆಗಳಿಗೂ ಸ್ಮಶಾನವಿದೆ ಎಂದು ಇಂದಿಗೂ ಜನ ಕಣ್ಣರಳಿಸಿ ಹೇಳುತ್ತಾರೆ.

ಸ್ಮಶಾನವೇನೋ ಇದೆ, ಆದರೆ ಅದೇ ತಿಪ್ಪೆಯೂ ಹೌದು. ಫ್ಲಾರಿಡಾದ ಮರಳು ನೆಲದಲ್ಲಿ ಬೀಜ ಆಯ್ದು ಬದುಕುವ ಕೊಯ್ಲು ಇರುವೆಗಳು ಕಾಳಿನ ಸಿಪ್ಪೆಯನ್ನೂ ಜೊತೆಗಾರರ ಹೆಣವನ್ನೂ ಒಂದೇ ಗುಡ್ಡೆಗೆ ಹಾಕುತ್ತವೆ. ಎಡ್ವರ್ಡ್ ವಿಲ್ಸನ್ ಮತ್ತು ಇಬ್ಬರು ಸಂಗಡಿಗರು ಇವುಗಳ ಮೇಲೆ ನಡೆಸಿದ ಪ್ರಯೋಗವನ್ನು 1958ರಲ್ಲಿ ಪ್ರಕಟಿಸಿದರು. ಗೂಡಿನೊಳಗೆ ಇರುವೆ ಸತ್ತರೆ ಮೊದಲ ಒಂದೆರಡು ದಿನ ಅದಕ್ಕೆ ಸತ್ತ ಪದವಿಯೇ ಸಿಗುವುದಿಲ್ಲ. ಉಳಿದವು ಅದರ ಪಕ್ಕದಲ್ಲೇ ಓಡಾಡುತ್ತವೆ, ಕೆಲವೊಮ್ಮೆ ಬದುಕಿರುವವರನ್ನು ನೆಕ್ಕಿ ಶುಚಿ ಮಾಡುವಂತೆಯೇ ಅದನ್ನೂ ಮಾಡುತ್ತವೆ. ದೇಹ ಕೊಳೆಯತೊಡಗಿ ಅದರ ಕೊಬ್ಬಿನಿಂದ ಒಲೀಕ್ ಆಮ್ಲ ಹೊರಬಿದ್ದಾಗ ಮಾತ್ರ ಯಾವುದೋ ಒಂದು ಇರುವೆ ಅದನ್ನು ಕಚ್ಚಿ ಎತ್ತಿಕೊಂಡು ತಿಪ್ಪೆಗೆ ನಡೆಯುತ್ತದೆ. ನಮ್ಮ ಕಡಲೆಕಾಯಿ ಎಣ್ಣೆಯಲ್ಲಿ ಹೇರಳವಾಗಿರುವ ಆಮ್ಲವೇ ಅದು. ಕಾಗದದ ಚೂರಿಗೆ ಅದನ್ನು ಹಚ್ಚಿಟ್ಟರೆ ಕಾಗದಕ್ಕೂ ಅಂತಿಮಯಾತ್ರೆ.

ಬಳಿಕ ವಿಲ್ಸನ್ ಆ ಆಮ್ಲವನ್ನು ಜೀವಂತ ಇರುವೆಯ ಮೈಗೇ ಸವರಿದರು. ಎದುರಿಗೆ ಬಂದ ಇರುವೆ ಅದನ್ನೂ ಎತ್ತಿಕೊಂಡಿತು. ಎತ್ತಿಸಿಕೊಂಡದ್ದು ಆರೂ ಕಾಲುಗಳನ್ನು ಬಡಿಯುತ್ತಿತ್ತು. ಹೊತ್ತದ್ದು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ತಿಪ್ಪೆಗೆ ಎಸೆದು ಬಂತು. ‘ಶವ’ ಎದ್ದು ಗೂಡಿಗೆ ಮರಳಿತು, ಮತ್ತೆ ಹೊರಗೆ ಬಿತ್ತು. ಕುಡಿಮೀಸೆ, ಕಾಲು, ಮೈಯೆಲ್ಲ ನೆಕ್ಕಿ ಒರೆಸಿಕೊಂಡು ವಾಸನೆ ಹೋಗುವವರೆಗೂ ಅದಕ್ಕೆ ಗೂಡಿನಲ್ಲಿ ಜಾಗವಿರಲಿಲ್ಲ.

ಇದನ್ನು ಓದಿದ ಯಾರಿಗಾದರೂ ಮೊದಲು ನಗು ಬರುತ್ತದೆ. ಎಷ್ಟು ದಡ್ಡ ಜೀವಿ, ಕಾಲು ಬಡಿಯುತ್ತಿರುವುದು ಕಾಣುವುದಿಲ್ಲವೇ ಎಂದು. ಉತ್ತರ ಪ್ರದೇಶದ ಆಜಂಗಢ ಜಿಲ್ಲೆಯ ಲಾಲ್ ಬಿಹಾರಿ ನೆನಪಾದರೆ ಆ ನಗು ಅಲ್ಲೇ ನಿಲ್ಲುತ್ತದೆ. ಸಾಲಕ್ಕೆಂದು ದಾಖಲೆ ಕೇಳಲು ಹೋದ ಆ ಯುವಕನಿಗೆ ತಾನು ಸತ್ತುಹೋಗಿರುವ ಸಂಗತಿ ತಿಳಿಯಿತು. ಕಂದಾಯ ದಾಖಲೆಯಲ್ಲಿ ಅವನನ್ನು 1976ರಲ್ಲೇ ಸಾಯಿಸಿ ಜಮೀನನ್ನು ಬಂಧುಗಳ ಹೆಸರಿಗೆ ಮಾಡಲಾಗಿತ್ತು. ಮೇಜಿನ ಮುಂದೆ ನಿಂತು ಮಾತಾಡುತ್ತಿದ್ದ ಮನುಷ್ಯ ಗುಮಾಸ್ತನ ಕಣ್ಣಿಗೆ ಬೀಳಲಿಲ್ಲ, ಪುಸ್ತಕದಲ್ಲಿದ್ದ ಅಕ್ಷರ ಕಂಡಿತು. ಲಾಲ್ ಬಿಹಾರಿ ಹೆಸರಿನ ಮುಂದೆ ‘ಮೃತಕ್’ ಎಂದು ಸೇರಿಸಿಕೊಂಡರು, ತಮ್ಮಂಥವರನ್ನು ಹುಡುಕಿ ಮೃತಕ್ ಸಂಘ ಕಟ್ಟಿದರು, ಹೆಂಡತಿಗೆ ವಿಧವಾ ವೇತನ ಕೊಡಿ ಎಂದು ಅರ್ಜಿ ಹಾಕಿಸಿದರು, ಅಮೇಠಿಯಲ್ಲಿ ರಾಜೀವ್ ಗಾಂಧಿ ಎದುರು ಚುನಾವಣೆಗೂ ನಿಂತರು. ಸೋಲು ಗೆಲುವಿನ ಮಾತಲ್ಲ, ಅಭ್ಯರ್ಥಿಯಾದರೂ ಬದುಕಿರಲೇಬೇಕಲ್ಲ. ಮತ್ತೆ ಜೀವಂತ ಎನಿಸಿಕೊಂಡದ್ದು 1994ರಲ್ಲಿ. ಇರುವೆ ಕೆಲವು ಗಂಟೆಗಳಲ್ಲಿ ನೆಕ್ಕಿ ತೊಳೆದುಕೊಳ್ಳುವುದನ್ನು ತೊಳೆಯಲು ಈ ಮನುಷ್ಯನಿಗೆ ಹದಿನೆಂಟು ವರ್ಷ ಬೇಕಾಯಿತು.

ಇರುವೆಗಳ ಲೋಕದಲ್ಲಿ ಇದಕ್ಕೂ ವಿಚಿತ್ರವಾದ ಒಂದು ಏರ್ಪಾಡಿದೆ. ಕ್ಯಾಲಿಫೋರ್ನಿಯಾದ ರಿವರ್‌ಸೈಡ್‌ನಲ್ಲಿ ಡಾಂಗ್-ಹ್ವಾನ್ ಚೋ ಮತ್ತು ಸಂಗಡಿಗರು ಅರ್ಜೆಂಟೀನಾ ಇರುವೆಗಳನ್ನು ಪರೀಕ್ಷಿಸಿ 2009ರಲ್ಲಿ ಅದನ್ನು ತೋರಿಸಿದರು. ಇವು ಸತ್ತವರನ್ನು ಎತ್ತಲು ಎರಡು ದಿನ ಕಾಯುವುದಿಲ್ಲ, ಗಂಟೆಯೊಳಗೇ ಎತ್ತುತ್ತವೆ. ಅಷ್ಟರಲ್ಲಿ ಕೊಳೆಯುವ ಮಾತೆಲ್ಲಿ? ಹೆಣ ಎತ್ತಿಸುವ ವಾಸನೆ ಬದುಕಿರುವ ಇರುವೆಯ ಮೈಮೇಲೂ ಸದಾ ಇರುತ್ತದಂತೆ. ಡೋಲಿಕೋಡಯಲ್, ಇರಿಡೋಮಿರ್ಮೆಸಿನ್ ಎಂಬ ಬೇರೆರಡು ರಾಸಾಯನಿಕಗಳು ‘ಇನ್ನೂ ಇದ್ದೇನೆ’ ಎಂದು ಸಾರುತ್ತಾ ಅದನ್ನು ಮರೆಮಾಡಿರುತ್ತವೆ. ಉಸಿರು ನಿಂತ ಮೇಲೆ ಅವೆರಡೂ ಬೇಗ ಆರಿಹೋಗುತ್ತವೆ. ಉಳಿಯುವುದು ಮೊದಲಿನಿಂದಲೂ ಇದ್ದ ಸಾವಿನ ಗುರುತು.

ಅಂದರೆ ಬದುಕಿರುವವರೆಗೂ ಬದುಕಿದ್ದೇನೆಂದು ಸಾಬೀತು ಮಾಡುತ್ತಲೇ ಇರಬೇಕು. ಪ್ರತಿ ನವೆಂಬರ್‌ನಲ್ಲಿ ಬ್ಯಾಂಕಿನ ಮುಂದೆ ಸಾಲುಗಟ್ಟುವ ನಮ್ಮ ಪಿಂಚಣಿದಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜೀವಿತ ಪ್ರಮಾಣಪತ್ರವನ್ನು ಈಗ ಬೆರಳಚ್ಚು ಒತ್ತಿಯೂ ಕೊಡಬಹುದು. ಎಪ್ಪತ್ತು ಎಂಬತ್ತು ದಾಟಿದವರ ಬೆರಳಿನ ಗೆರೆಗಳು ಸವೆದಿರುತ್ತವೆ. ಯಂತ್ರ ಒಪ್ಪುವುದಿಲ್ಲ. ಅಜ್ಜಿ ಬೆರಳನ್ನು ಸೆರಗಿಗೆ ಒರೆಸಿ ಮತ್ತೆ ಒತ್ತುತ್ತಾರೆ, ಇನ್ನೊಂದು ಬೆರಳು ಒತ್ತುತ್ತಾರೆ. ಹಿಂದೆ ನಿಂತವರು ಗಡಿಯಾರ ನೋಡುತ್ತಾರೆ. ಎದುರಿಗೆ ಕುಳಿತವನಿಗೆ ಅವರು ಬದುಕಿರುವುದು ಗೊತ್ತಿಲ್ಲವೆಂದಲ್ಲ. ಅವನಿಗೆ ಗೊತ್ತಿದ್ದರೆ ಏನೂ ಆಗುವುದಿಲ್ಲ, ಅಷ್ಟೇ.

ಆದರೂ ಇರುವೆಯ ಪರವಾಗಿ ಒಂದು ಮಾತು ಹೇಳಲೇಬೇಕು. ವಾಸನೆ ಹೋದ ಮೇಲೆ ಗೂಡು ವಿಲ್ಸನ್ನರ ಆ ‘ಶವ’ವನ್ನು ಒಳಗೆ ಬಿಟ್ಟುಕೊಂಡಿತು. ‘ನೀನು ತಿಪ್ಪೆಗೆ ಹೋಗಿ ಬಂದವಳಲ್ಲವೇ’ ಎಂದು ಯಾರೂ ಕೇಳಲಿಲ್ಲ. ಅನಂತಮೂರ್ತಿಯವರ ‘ಘಟಶ್ರಾದ್ಧ’ ಕಥೆಯ ಯಮುನೆಗೆ ಈ ಭಾಗ್ಯವಿಲ್ಲ. ಬಸುರಾದ ವಿಧವೆಗೆ ಉಸಿರಿರುವಾಗಲೇ ಶ್ರಾದ್ಧ ಮಾಡಿ ಊರು ಕೈತೊಳೆದುಕೊಳ್ಳುತ್ತದೆ. ಅವಳು ಏನನ್ನು ತೊಳೆದುಕೊಂಡರೆ ಒಳಗೆ ಬರಬಹುದು ಎಂಬ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ. ಇರುವೆ ತಪ್ಪು ಓದಿಕೊಂಡು ಜೀವಂತ ಜೊತೆಗಾರಳನ್ನು ಹೊರಹಾಕಿತು. ಅಗ್ರಹಾರಕ್ಕೆ ಅವಳು ಬದುಕಿರುವುದು ಚೆನ್ನಾಗಿ ಗೊತ್ತಿತ್ತು.

ಹೆಣ ಎತ್ತುವುದು ಇರುವೆಗೆ ಗೌರವದ ಪ್ರಶ್ನೆಯಲ್ಲ, ರೋಗದ ಪ್ರಶ್ನೆ. ಯುರೋಪಿನ ಕೆಂಪಿರುವೆಗಳಿಗೆ ಹೆಣ ಹೊರಹಾಕಲು ಬಿಡದೆ ತಡೆದಾಗ ಬದುಕಿದ್ದವುಗಳಲ್ಲೂ ಸಾವು ಹೆಚ್ಚಿತು. ಟೆಮ್ನೋಥೊರಾಕ್ಸ್ ಎಂಬ ಪುಟ್ಟ ಇರುವೆ ಸಾವು ಹತ್ತಿರವಾದಾಗ ತಾನೇ ಗೂಡು ಬಿಟ್ಟು ಹೋಗಿ ಒಂಟಿಯಾಗಿ ಸಾಯುತ್ತದೆ. ಇದಕ್ಕೆ ಸಲ್ಲೇಖನವೆಂದೋ ವಾನಪ್ರಸ್ಥವೆಂದೋ ಹೆಸರಿಡಲು ನಾಲಿಗೆ ತುರಿಸುತ್ತದೆ. ಕ್ಲಿಯಾಂಥಿಸ್ ಮಾಡಿದ್ದೂ ಅದನ್ನೇ ಆದ್ದರಿಂದ ಸುಮ್ಮನಿರುವುದು ಲೇಸು.

ಸುಮ್ಮನಿರಲಾಗದ ಜಾಗವೂ ಒಂದಿದೆ. ಅಮೆರಿಕದ ಉಷ್ಣವಲಯದಲ್ಲಿ ಎಲೆ ಕತ್ತರಿಸಿ ತಂದು ಅಣಬೆ ಬೆಳೆಯುವ ಇರುವೆಗಳಿವೆ. ಅವುಗಳ ಗೂಡಿನಲ್ಲಿ ಕಸ ಮತ್ತು ಹೆಣಗಳ ರಾಶಿಯನ್ನು ನೋಡಿಕೊಳ್ಳಲೆಂದೇ ಬೇರೆ ಕೆಲಸಗಾರರು. ಅವು ಅಣಬೆಯ ತೋಟದ ಕಡೆ ಬಂದರೆ ತೋಟದವು ಮೇಲೆ ಬಿದ್ದು ಓಡಿಸುತ್ತವೆ. ಇದನ್ನು ಕೇಳಿದೊಡನೆ, ನೋಡಿ, ನಿಸರ್ಗದಲ್ಲೇ ಹೀಗಿದೆ ಎಂದು ಎದೆಯುಬ್ಬಿಸುವವರು ನಮ್ಮಲ್ಲಿದ್ದಾರೆ. ಅವರು ವಿವರವನ್ನು ಪೂರ್ತಿ ಕೇಳುವುದಿಲ್ಲ. ತೋಟಕ್ಕೆ ಕುತ್ತು ತರುವ ರೋಗಾಣುಗಳು ಆ ರಾಶಿಯಲ್ಲಿ ನಿಜವಾಗಿಯೂ ಇರುತ್ತವೆ. ಅಲ್ಲಿಗೆ ಸೇರುವವು ಹೆಚ್ಚಾಗಿ ವಯಸ್ಸಾದ ಇರುವೆಗಳು, ಬೇರೆ ಕೆಲಸ ಮಾಡಿ ಆಯುಸ್ಸು ತೀರುತ್ತ ಬಂದವು. ಅವುಗಳದು ತೋಟದವರದೇ ತಾಯಿ. ನಮ್ಮಲ್ಲಿ ಗುಂಡಿ ತೋಡುವ, ಚಿತೆ ಒಟ್ಟುವ, ಸತ್ತ ದನ ಎಳೆಯುವ ಕೆಲಸ ತೊಟ್ಟಿಲಲ್ಲೇ ಅಂಟಿಕೊಂಡಿತು, ಊರಿಗೆ ರೋಗವಿಲ್ಲದ ವರ್ಷಗಳಲ್ಲೂ ಕೇರಿ ಊರಾಚೆಯೇ ಉಳಿಯಿತು. ರಾಘವಾಂಕನ ಹರಿಶ್ಚಂದ್ರ ಮಸಣ ಕಾಯುವಂತಾದುದಕ್ಕೆ ಕನ್ನಡಿಗರು ಎಂಟುನೂರು ವರ್ಷಗಳಿಂದ ಕಣ್ಣೀರು ಹಾಕುತ್ತಿದ್ದೇವೆ. ಅವನನ್ನು ಕೊಂಡ ವೀರಬಾಹುವಿನ ಮನೆಯವರಿಗೆ ಅದು ದಿನದ ಕೆಲಸ. ಅವರಿಗಾಗಿ ಅತ್ತವರನ್ನು ನಾನು ಕಂಡಿಲ್ಲ.