ಹಿಮದಡಿಯ ಹೂವು ಮತ್ತು ಜೀವದ ಪ್ರಶ್ನೆ

ಈಶಾನ್ಯ ಸೈಬೀರಿಯಾದ ಕೊಲಿಮಾ ನದಿದಂಡೆಯಲ್ಲಿ, ವರ್ಷವಿಡೀ ಹೆಪ್ಪುಗಟ್ಟಿಯೇ ಇರುವ ನೆಲದಲ್ಲಿ, ಸುಮಾರು 38 ಮೀಟರ್ ಆಳಕ್ಕೆ ಹುದುಗಿದ್ದ ನೆಲದಳಿಲುಗಳ ಬಿಲಗಳಿಂದ ದೊರೆತ ಸೈಲೀನ್ ಸ್ಟೆನೋಫಿಲ್ಲಾ ಎಂಬ ಬಹುವಾರ್ಷಿಕ ಕಾಡುಹೂವಿನ ಕಾಯಿಗಳು ಸುಮಾರು 32,000 ವರ್ಷ ಹಳೆಯವು. ಅವುಗಳಿಂದ ಗಿಡ ಬೆಳೆಸಿ ಹೂ ಅರಳಿಸಿದ ವಿಷಯವನ್ನು ರಷ್ಯಾದ ವಿಜ್ಞಾನಿಗಳು 2012ರಲ್ಲಿ ಪ್ರಕಟಿಸಿದರು. ಬಲಿತ ಬೀಜಗಳು ಮೊಳೆಯಲಿಲ್ಲ. ಎಳೆಗಾಯಿಯೊಳಗೆ ಬೀಜಗಳು ಅಂಟಿಕೊಂಡಿರುವ ಜರಾಯು ಎಂಬ ಮೃದು ಅಂಗಾಂಶವನ್ನು ಪ್ರಯೋಗಶಾಲೆಯಲ್ಲಿ ಪೋಷಿಸಿದಾಗ ಚಿಗುರು ಬಂದಿತು.

ಅಷ್ಟು ಕಾಲ ಆ ಅಂಗಾಂಶ ಜೀವಂತವಾಗಿತ್ತೇ? ಬೆಳವಣಿಗೆಯೇ ಜೀವದ ಲಕ್ಷಣವಾದರೆ ಅದು ನಿರ್ಜೀವ, ಬೆಳೆಯುವ ಶಕ್ತಿಯೇ ಲಕ್ಷಣವಾದರೆ ಸಜೀವ. ಸಸ್ಯಗಳನ್ನು ಏಕೇಂದ್ರಿಯ ಜೀವಗಳೆಂದು, ಅಂದರೆ ಸ್ಪರ್ಶವೊಂದನ್ನೇ ಬಲ್ಲವೆಂದು, ಎಣಿಸುವ ಜೈನದರ್ಶನವು ಈ ಪ್ರಶ್ನೆಯನ್ನು ಬಹಳ ಹಿಂದೆಯೇ ಸೂಕ್ಷ್ಮವಾಗಿ ಎದುರಿಸಿದೆ. ಶ್ವೇತಾಂಬರ ಆಗಮವಾದ ಭಗವತೀಸೂತ್ರವು ಭತ್ತ, ಗೋಧಿಗಳ ಯೋನಿಗೆ, ಎಂದರೆ ಮೊಳೆಯುವ ಸಾಮರ್ಥ್ಯಕ್ಕೆ, ಮೂರು ವರ್ಷಗಳ ಗರಿಷ್ಠ ಅವಧಿಯನ್ನು ಹೇಳುತ್ತದೆ; ಚಾವುಂಡರಾಯನ ಗುರುವೆನಿಸಿದ ನೇಮಿಚಂದ್ರನ ಪ್ರಾಕೃತ ಗ್ರಂಥ ಗೊಮ್ಮಟಸಾರವಾದರೋ, ಅಂಥ ಸಾಮರ್ಥ್ಯ ಉಳಿದಿರುವ ಬೀಜದಲ್ಲಿ ಹಿಂದಿನ ಜೀವವೇ ಮತ್ತೆ ಹುಟ್ಟಬಹುದು, ಇಲ್ಲವೇ ಬೇರೊಂದು ಜೀವ ಬಂದು ನೆಲಸಬಹುದು ಎನ್ನುತ್ತದೆ.

ಕಣಜದ ಧಾನ್ಯಕ್ಕೆ ಹೇಳಿದ ವರ್ಷಗಳ ಲೆಕ್ಕವನ್ನು ಹಿಮದ ನೆಲಕ್ಕೆ ಹೊಂದಿಸುವುದು ನ್ಯಾಯವಲ್ಲ. ಆದರೆ ದೇಹದ ಸಾಮರ್ಥ್ಯ ಬೇರೆ, ಅದರಲ್ಲಿ ನೆಲಸುವ ಜೀವ ಬೇರೆ ಎಂಬ ನೇಮಿಚಂದ್ರನ ವಿವೇಚನೆಯು, ಕೊಲಿಮಾದ ಗಿಡವನ್ನು ಸತ್ತು ಎದ್ದದ್ದೆಂದು ಕೊಂಡಾಡುವ ಮಾತಿಗಿಂತ ಹೆಚ್ಚು ನಿಖರವಾದುದು. ಆ ಗಿಡಗಳು ಬಿಟ್ಟ ಬೀಜಗಳೂ ಮುಂದೆ ಮೊಳೆತವು.