ರಜೆ ಮುಗಿದ ಮೇಲಿನ ಸೇವೆ

ನಮ್ಮ ಸಮಾಜದ ಮಕ್ಕಳು ಉದ್ಯೋಗಕ್ಕಾಗಿ ಕಡಲು ದಾಟುವುದು ಈಗ ಸುದ್ದಿಯೇ ಅಲ್ಲ. ಸಂಬಳದ ಅಪೇಕ್ಷೆಯಿಲ್ಲದೆ ಕೇವಲ ಸೇವೆಗೆಂದು ಹೋಗುವವರು ವಿರಳ, ಆದರೂ ಇದ್ದಾರೆ. ವಿಶ್ವಸಂಸ್ಥೆ 1970ರಲ್ಲಿ ಅಂಗೀಕರಿಸಿದ ಸ್ವಯಂಸೇವಕರ ಯೋಜನೆಯಂಥವುಗಳ ಮೂಲಕ ತೆರಳುವವರಿಗೆ ದೊರೆಯುವುದು ವೇತನವಲ್ಲ, ಜೀವನ ನಿರ್ವಹಣೆಗೆ ಬೇಕಾದಷ್ಟು ಭತ್ಯೆ. ಇಂಥವರು ರಜೆಗೆ ಮನೆಗೆ ಬಂದು ಮರಳಿದ ಮೇಲೆ ಅನುಭವಿಸುವ ಮನೋಭಾರವನ್ನು ಕುರಿತು ಇಲ್ಲಿ ವಿಚಾರಿಸಬಯಸುತ್ತೇವೆ. ಸಮುದ್ರೋಲ್ಲಂಘನದ ಹಳೆಯ ಚರ್ಚೆಯನ್ನು ಎತ್ತಿಕೊಳ್ಳುವುದಿಲ್ಲ; ನಮ್ಮ ಪ್ರಶ್ನೆ ಬೇರೆ.

ಪುಣೆಯ ಮಾಧ್ವ ಮನೆತನದ ಮಗಳೊಬ್ಬಳು ಟಾಂಜಾನಿಯದ ಉತ್ತರ ಭಾಗದಲ್ಲಿ ತಾಯಿ-ಮಕ್ಕಳ ಆರೋಗ್ಯಕೇಂದ್ರವೊಂದರಲ್ಲಿ ಸೇವೆಗಿದ್ದಾಳೆಂದು ಭಾವಿಸೋಣ. ದೀಪಾವಳಿಗೆ ಬಂದು, ಮೂರು ವಾರವಿದ್ದು, ಹಿಂದಿರುಗುತ್ತಾಳೆ. ಅಲ್ಲಿ ‘ವುಲಿ’ ಎಂಬ ಸಣ್ಣ ಮಳೆಗಾಲ ನಡೆದಿರುತ್ತದೆ. ಹೊರಡುವ ಮುನ್ನ ಸಹಜವೆನಿಸಿದ್ದ ಕೆಸರುದಾರಿ, ದೂರದಿಂದ ಹೊತ್ತು ತರಬೇಕಾದ ನೀರು, ಮೆಕ್ಕೆಜೋಳದ ಹಿಟ್ಟಿನ ಉಗಾಲಿ (ಇದು ನಮ್ಮ ಮುದ್ದೆಯ ದಾಯಾದಿಯೇ ಸರಿ) ಈಗ ಒಮ್ಮೆಲೇ ಅಸಹನೀಯವೆನಿಸುತ್ತವೆ. ತಾಯಿ ಕಟ್ಟಿಕೊಟ್ಟ ಸಾರಿನ ಪುಡಿಯ ಪೊಟ್ಟಣವನ್ನು ಬಿಚ್ಚಲೂ ಮನಸ್ಸಿಲ್ಲ, ಮುಗಿದುಹೋದೀತೆಂಬ ಭಯ.

ಪರದೇಶವೆಂದು ನಾವೆನ್ನುವ ಆ ನಾಡು ಪೂರ್ತಿಯಾಗಿ ಪರಕೀಯವೂ ಅಲ್ಲ. ಸ್ವಾಹಿಲಿ ಜನ ಗಂಟೆಗಳನ್ನು ಎಣಿಸುವುದು ಸೂರ್ಯೋದಯವನ್ನು ಹಿಡಿದು. ನಮ್ಮ ಗಡಿಯಾರದ ಬೆಳಗಿನ ಏಳು ಅವರಿಗೆ ಒಂದನೆಯ ಗಂಟೆ. ಉದಯಾದಿ ಘಳಿಗೆಗಳನ್ನು ಲೆಕ್ಕ ಹಾಕಿ ಬೆಳೆದ ಮನೆಯವರಿಗೆ ಇದು ಅಪರಿಚಿತವೆನಿಸಲಾರದು. ಹಿರಿಯರನ್ನು ಕಂಡಾಗ ಕಿರಿಯರು ಹೇಳಬೇಕಾದ ಮಾತು ‘ಶಿಕಮೋ’. ನಿಮ್ಮ ಪಾದ ಹಿಡಿಯುತ್ತೇನೆ ಎಂದು ಅದರ ಅರ್ಥವನ್ನು ಹೇಳುತ್ತಾರೆ. ಹಿರಿಯರು ‘ಮರಹಬ’ ಎಂದು ಸ್ವೀಕರಿಸುತ್ತಾರೆ. ಮರಳಿದ ಮರುದಿನ ಮೊಮ್ಮಗುವನ್ನು ಎತ್ತಿಕೊಂಡು ಬಂದ ಅಜ್ಜಿಗೆ ಈಕೆ ಅದೇ ಮಾತು ಹೇಳುತ್ತಾಳೆ. ಕಳೆದ ವಾರವಷ್ಟೇ ಮುಟ್ಟಿ ಬಂದ ತಂದೆಯ ಪಾದಗಳು ನೆನಪಾಗುತ್ತವೆ. ಯಾರದೋ ಅಜ್ಜಿಗೆ ಔಷಧ ಕೊಡುತ್ತಿರುವ ನನಗೆ, ಮೊಣಕಾಲುನೋವಿನ ತಾಯಿಯನ್ನು ಬಿಟ್ಟು ಬರುವ ಅಧಿಕಾರವನ್ನು ಯಾರು ಕೊಟ್ಟರು ಎಂಬ ಪ್ರಶ್ನೆ ಏಳುತ್ತದೆ.

ಇಲ್ಲಿ ಎರಡು ಭಾರಗಳು ಬೆರೆತಿವೆ. ಅವನ್ನು ಬಿಡಿಸಿ ನೋಡದಿದ್ದರೆ ವಿಚಾರ ಮುಂದೆ ಸಾಗದು. ಒಂದು, ಸುಖದ ರೂಢಿ ತಪ್ಪಿದ್ದರ ಬೇಸರ. ಅದು ದೇಹಧರ್ಮ, ದಿನ ಕಳೆದಂತೆ ತಾನಾಗಿ ಇಳಿಯುತ್ತದೆ. ಅದಕ್ಕೆ ವೇದಾಂತವನ್ನು ಹಚ್ಚುವ ಅಗತ್ಯವಿಲ್ಲ. ಇನ್ನೊಂದು ಋಣದ ಪ್ರಶ್ನೆ. ಅದು ಇಳಿಯುವುದಿಲ್ಲ, ಇಳಿಯಲೂಬಾರದು.

ಬೇಸರವನ್ನೇ ಪಾಪವೆಂದು ತಿಳಿದು ಕೊರಗುವವರು ಸುಮಧ್ವವಿಜಯವನ್ನು ನೆನೆಯಬೇಕು. ಬದರಿಯಲ್ಲಿ ನಾರಾಯಣನ ಸನ್ನಿಧಿಯನ್ನು ಪಡೆದ ಶ್ರೀಮದಾಚಾರ್ಯರಿಗೆ ಅಲ್ಲಿಂದ ಇಳಿದು ಬರುವ ಇಚ್ಛೆಯಿರಲಿಲ್ಲ. ಕೆಳಗೆ ಯೋಗ್ಯರಾದ ಸಜ್ಜನರಿದ್ದಾರೆ, ಹೋಗಿ ಭಾಷ್ಯವನ್ನು ರಚಿಸೆಂದು ಭಗವಂತನು ಆಜ್ಞಾಪಿಸಿದ ಮೇಲೆ ಅವರು ಬಂದರು. ಉಳಿಯಬೇಕೆಂಬ ಆಸೆಯಿದ್ದೂ ಹೊರಟುಬಂದುದನ್ನು ನಾರಾಯಣ ಪಂಡಿತಾಚಾರ್ಯರು ಮರೆಮಾಡಿಲ್ಲ.

ಋಣದ ಪ್ರಶ್ನೆಗೂ ಅದೇ ಗ್ರಂಥದಲ್ಲಿ ದಾರಿಯಿದೆ. ಬಾಲಕ ವಾಸುದೇವನು ಸಂನ್ಯಾಸಕ್ಕೆ ಹೊರಟಾಗ ತಂದೆ ಮಧ್ಯಗೇಹರು ತಡೆದರು. ಮುಪ್ಪಿನಲ್ಲಿ ತಮಗಾರು ಗತಿಯೆಂದರು. ಅವತಾರಪುರುಷನಾದರೂ ಆತನು ಆ ಮಾತನ್ನು ತಳ್ಳಿಹಾಕಲಿಲ್ಲ. ತಮ್ಮನೊಬ್ಬನು ಹುಟ್ಟುವವರೆಗೆ ಕಾದನು, ತಾಯಿಯ ಸಮ್ಮತಿಯನ್ನೂ ಬೇಡಿ ಪಡೆದನು. ಆ ತಮ್ಮನೇ ಮುಂದೆ ವಿಷ್ಣುತೀರ್ಥರೆನಿಸಿದರು. ಜಗತ್ತಿಗೆ ಜ್ಞಾನ ನೀಡಲು ಹೊರಟವರೇ ಪಾಜಕದ ಮನೆಯ ವ್ಯವಸ್ಥೆಯನ್ನು ನೋಡಿಕೊಂಡು ಹೊರಟಿರುವಾಗ, ಎರಡು ವರ್ಷದ ಸೇವೆಗೆ ಹೋಗುವವರು ಅದನ್ನು ಅಲಕ್ಷಿಸುವುದು ಹೇಗೆ?

ಜನರ ಶುಶ್ರೂಷೆಯನ್ನು ಶ್ರೀಮದಾಚಾರ್ಯರು ಅರಸನಿಗೆ ಸಲ್ಲಿಸುವ ಕರಕ್ಕೆ ಹೋಲಿಸಿದ್ದಾರೆ. ಈ ಹೋಲಿಕೆಯನ್ನು ನಾವು ಅವಸರದಲ್ಲಿ ಓದುತ್ತೇವೇನೋ. ಕರವನ್ನು ಉತ್ಸಾಹವಿದ್ದಾಗ ಮಾತ್ರ ಕೊಡುವ ಪದ್ಧತಿ ಎಲ್ಲಿಯೂ ಇಲ್ಲ. ಊರಿಂದ ಮರಳಿದ ಮೊದಲ ವಾರ ಮನಸ್ಸಿಲ್ಲದ ಮನಸ್ಸಿನಿಂದ ಕಟ್ಟಿದ ಬ್ಯಾಂಡೇಜೂ ಜಮೆಯಾಗುತ್ತದೆ. ಗಾಯಕ್ಕೆ ಕಟ್ಟಿದವರ ಮನಃಸ್ಥಿತಿ ತಿಳಿಯದು. ಕರ ಕೊಟ್ಟವನು ದಾನಿಯೆಂದು ಬೀಗುವಂತೆಯೂ ಇಲ್ಲ. ಅದೇ ರೀತಿ, ಇನ್ನೊಬ್ಬರ ಪಾಲಿನ ಹಣವನ್ನು ತೆಗೆದು ಕರ ಕಟ್ಟಿದರೆ ಅದು ಪ್ರಾಮಾಣಿಕತೆಯಾಗದು. ಹೆತ್ತವರ ಪಾಲು ಮೊದಲೇ ತೆಗೆದಿರಿಸಬೇಕಾದುದು. ಮನೆಯಲ್ಲಿ ನೋಡಿಕೊಳ್ಳುವವರು ಯಾರೂ ಇಲ್ಲದೆ ತಾಯಿ ಹಾಸಿಗೆ ಹಿಡಿದಿದ್ದರೆ, ಅವಧಿ ಮುಗಿಯದಿದ್ದರೂ ಮರಳಿ ಬರುವುದೇ ಸರಿಯೆಂದು ನಾವು ಹೇಳುತ್ತೇವೆ. ಕರವನ್ನು ಪುಣೆಯ ಆಸ್ಪತ್ರೆಯಲ್ಲಿಯೂ ಸಲ್ಲಿಸಬಹುದು. ರೋಗಿಗಳಿಗೆ ಇಲ್ಲಿಯೂ ಕೊರತೆಯಿಲ್ಲ.

ಆದರೆ ಬಹಳ ಮನೆಗಳಲ್ಲಿ ಸ್ಥಿತಿ ಹಾಗಿರುವುದಿಲ್ಲ. ಅಣ್ಣನೋ ಅತ್ತಿಗೆಯೋ ಜೊತೆಗಿರುತ್ತಾರೆ, ತಂದೆಗೆ ನಿವೃತ್ತಿವೇತನವಿರುತ್ತದೆ. ಆಗಲೂ ‘ಹೆತ್ತವರನ್ನು ಬಿಟ್ಟು ಕಾಡಿಗೆ ಹೋಗಿದ್ದಾಳೆ’ ಎಂಬ ಮಾತು ಮಠದ ಪಂಕ್ತಿಯಲ್ಲಿಯೇ ಕೇಳಿಬರುತ್ತದೆ. ಉಡುಪಿಯನ್ನೋ ರಾಯಚೂರನ್ನೋ ಬಿಟ್ಟು ನಾವು ಮುಂಬಯಿ, ಪುಣೆ, ಮದರಾಸು ಸೇರಿದಾಗ ಹಿಂದೆ ಉಳಿದವರೂ ವೃದ್ಧರೇ ಆಗಿದ್ದರು. ಸಂಬಳಕ್ಕಾಗಿ ಬಿಟ್ಟುಹೋದರೆ ಕ್ಷಮ್ಯ, ಸೇವೆಗಾಗಿ ಬಿಟ್ಟುಹೋದರೆ ಅಪರಾಧ ಎಂಬುದು ಯಾವ ಸ್ಮೃತಿಯಲ್ಲಿದೆ?

ಈ ವಿಷಯದಲ್ಲಿ ಮನೆಯಲ್ಲಿ ಉಳಿದವರ ಪಾತ್ರವೂ ದೊಡ್ಡದು. ರಜೆಗೆ ಬಂದ ಮಗಳಿಗೆ ಮೂರು ವಾರವೂ ಹೋಳಿಗೆ ಬಡಿಸುತ್ತ, ಬಡಿಸುವಾಗಲೆಲ್ಲ ‘ಅಲ್ಲಿ ನಿನಗೆ ಯಾರು ಮಾಡಿಹಾಕುತ್ತಾರೆ’ ಎಂದು ಕಣ್ಣೊರೆಸಿಕೊಳ್ಳುವುದು ವಾತ್ಸಲ್ಯವೇ. ಆದರೆ ಆ ಕಣ್ಣೀರನ್ನೂ ಅವಳು ಹೊತ್ತುಕೊಂಡೇ ವಿಮಾನವೇರುತ್ತಾಳೆ. ಅಲ್ಲಿಯ ಆರೋಗ್ಯಕೇಂದ್ರ ಹೇಗಿದೆ, ಶಿಶುಗಳ ತೂಕ ಹೆಚ್ಚುತ್ತಿದೆಯೇ, ಆ ಅಜ್ಜಿ ಮತ್ತೆ ಬಂದಳೇ ಎಂದು ತಂದೆತಾಯಿಗಳು ವಿಚಾರಿಸುವ ಮನೆಗಳೂ ನಮ್ಮಲ್ಲಿವೆ. ಅಲ್ಲಿಗೂ ಇಲ್ಲಿಗೂ ಎರಡೂವರೆ ಗಂಟೆಯ ಅಂತರ. ಅವಳ ಕೆಲಸ ಮುಗಿದು ದೂರವಾಣಿ ಕರೆ ಬರುವ ಹೊತ್ತಿಗೆ ಇಲ್ಲಿ ರಾತ್ರಿಯ ಊಟ ಮುಗಿದಿರುತ್ತದೆ; ಆದರೂ ಆ ಮನೆಗಳಲ್ಲಿ ಯಾರೂ ಮಲಗಿರುವುದಿಲ್ಲ.

॥ ಶ್ರೀಕೃಷ್ಣಾರ್ಪಣಮಸ್ತು ॥