ಮೊದಲು ವಿಚಾರಿಸಿದನು



ಮಾರ್ಕನ ಸುವಾರ್ತೆಯ 9ನೆಯ ಅಧ್ಯಾಯದಲ್ಲಿ ಒಬ್ಬ ತಂದೆಯು ಬಾಧೆಪಡುವ ಮಗನನ್ನು ಕರ್ತನ ಬಳಿಗೆ ತಂದನು. ಎಲ್ಲವನ್ನು ಬಲ್ಲ ಕರ್ತನು ಸಹ, ಈ ಬಾಧೆ ಎಂದಿನಿಂದ ಇದೆಯೆಂದು ಮೊದಲು ತಂದೆಯನ್ನು ವಿಚಾರಿಸಿದನು. ಏನೂ ಅರಿಯದ ನಾವಾದರೋ ವಿಚಾರಿಸದೆಯೇ ತೀರ್ಪು ಮಾಡುತ್ತೇವೆ.

ಬಸವಕಲ್ಯಾಣ, ಹುಮನಾಬಾದ ಸೀಮೆಯ ನಮ್ಮ ಮನೆಗಳಲ್ಲಿಯೂ ಬುದ್ಧಿ ಬೆಳೆಯದ ಮಕ್ಕಳುಂಟು. ಅಂಥವನು ತಲೆ ಚಚ್ಚಿಕೊಂಡರೆ, ತಾಯಿಯನ್ನು ಹೊಡೆದರೆ, ದೆವ್ವವೆಂದೋ ಹಟವೆಂದೋ ಹೇಳಿ ಕಂಬಕ್ಕೆ ಕಟ್ಟುತ್ತೇವೆ. ನಾವೂ ಒಮ್ಮೆ ಅಂಥ ಮನೆಯಲ್ಲಿ ಪ್ರಾರ್ಥಿಸಿ ಎದ್ದುಬಂದೆವು. ಹುಡುಗನ ಊದಿದ ದವಡೆಯನ್ನು ನೋಡಲಿಲ್ಲ. ಕೊಳೆತ ಹಲ್ಲನ್ನು ಕಿತ್ತಮೇಲೆ ಅವನು ಶಾಂತನಾದನು. ನಾವು ನಾಚಿದೆವು.

ಮಾತು ಬಾರದವನಿಗೆ ಹೊಡೆತವೇ ಮಾತು. ಆದದರಿಂದ ಹಲ್ಲುನೋವೋ, ಕಿವಿಸೋರುವದೋ, ಮಲಬದ್ಧತೆಯೋ, ಮೂರ್ಛೆರೋಗವೋ, ಅಜ್ಜಿ ತೀರಿಹೋದ ದುಃಖವೋ ಎಂದು ವಿಚಾರಿಸಿರಿ. ಯಾವ ಹೊತ್ತಿನಲ್ಲಿ, ಯಾವದರ ತರುವಾಯ ಕೆರಳುತ್ತಾನೆಂದು ಗಮನಿಸಿರಿ. ಊಟವೂ ನಿದ್ರೆಯೂ ಹೊತ್ತಿಗೆ ಸರಿಯಾಗಿ ನಡೆಯಲಿ, ಶಾಂತನಾಗಿರುವಾಗ ಮೆಚ್ಚಿಕೊಳ್ಳಿರಿ.

ಬುದ್ಧಿಮಾಂದ್ಯ ಬೇರೆ, ಮನೋರೋಗ ಬೇರೆ. ಒಬ್ಬನಲ್ಲಿಯೇ ಎರಡೂ ಕೂಡಬಹುದು. ಮನೋರೋಗಕ್ಕೆ ಚಿಕಿತ್ಸೆಯುಂಟು. ತಾಲೂಕು ಆಸ್ಪತ್ರೆಗೆ ಕರೆದೊಯ್ದು, ಕಂಡದ್ದನ್ನೆಲ್ಲಾ ವೈದ್ಯರಿಗೆ ತಿಳಿಸಿರಿ. ಕಾರಣವನ್ನು ಹುಡುಕದೆ ಮಂಪರಿನ ಗುಳಿಗೆಯನ್ನು ಮಾತ್ರ ಕೊಡಿಸುವದು ಮತ್ತೊಂದು ಹಗ್ಗವೇ. 2022ರಲ್ಲಿ ಸರಕಾರವು ಆರಂಭಿಸಿದ ಟೆಲಿ ಮನಸ್ ಸಹಾಯವಾಣಿಯ 14416ನೆಯ ಸಂಖ್ಯೆಗೆ ಹಣವಿಲ್ಲದೆ ಕರೆಮಾಡಬಹುದು. ಮನೋರೋಗಿಯನ್ನು ಸಂಕೋಲೆಯಿಂದ ಬಂಧಿಸುವದನ್ನು 2017ರ ಮಾನಸಿಕ ಆರೋಗ್ಯ ಕಾಯಿದೆಯು ನಿಷೇಧಿಸಿದೆ.

ಪ್ರಿಯರೇ, ಕರ್ತನು ಆ ಹುಡುಗನಿಗೆ ಕೈಕೊಟ್ಟು ಏಳಿಸಿದನು. ನಾವು ಕಟ್ಟಿದ ಹಗ್ಗವನ್ನು ಬಿಚ್ಚಿ ಕೈ ನೀಡೋಣ. ಆಮೆನ್.